ಕುಕ್ಕರ್ ಎಷ್ಟು ಸಲ ಕೂಗಿತು

ಬೆಂಗಳೂರಿನ ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ಕುಕ್ಕರ್ ಕೂಗನ್ನು ಆ ಮನೆಯವರೇ ಎಣಿಸಬೇಕು ಅಂತೇನಿರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಅಮ್ಮ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ, ಎದುರುಮನೆ ಆಂಟಿ ತಮ್ಮ ಕಿಟಕಿಯಿಂದಲೇ "ಏ, ನಿಮ್ದು ಮೂರಾಯ್ತು ಕಣೇ!" ಅಂತ ಕೂಗುತ್ತಿದ್ದರು. ಅಮ್ಮ ಮೇಲಿಂದಲೇ ನನಗೆ ಕೂಗುತ್ತಿದ್ದಳು. ನಾನು ಗೊಣಗಿಕೊಂಡು ಹೋಗಿ ಆರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಎಷ್ಟೊತ್ತಿಗೆ ಏನು ಬೇಯುತ್ತಿದೆ ಅಂತ ಬೀದಿಗೆಲ್ಲ ಗೊತ್ತಿರುವುದು ನನಗೆ ಚೂರೂ ಇಷ್ಟವಿರಲಿಲ್ಲ. ನರ್ಸ್ ಕೆಲಸ ಸಿಕ್ಕಿ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಬಂದಾಗ, ಯಾರ ಮನೆಗೂ ಯಾರೂ ಇಣುಕದ ಆ ಮೌನ ಕಂಡು, ಅಬ್ಬಾ, ಸದ್ಯ, ಅಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದಕ್ಕೆ ಆಮೇಲೆ ಚೆನ್ನಾಗಿ ಅನುಭವಿಸಿದೆ.

ಮೊದಲ ವರ್ಷ ನಾನೊಬ್ಬಳೇ ಇದ್ದೆ. ಎರಡು ವರ್ಷದ ಮಗ ನನ್ನ ಅಮ್ಮನ ಹತ್ತಿರ ಬೆಳೆಯುತ್ತಿದ್ದ. ದಿನಾ ವಿಡಿಯೊ ಕಾಲಿನಲ್ಲಿ ಅಜ್ಜಿ ಮೊಮ್ಮಗನ ಒಂದೇ ಆಟ ನೋಡುತ್ತಿದ್ದೆ. ಅಮ್ಮ ಮುಂಬಾಗಿಲ ಹೊರಗೆ ನಿಂತು, ನಮ್ಮ ಬೀದಿಗೆ ಬರುವ ಸೊಪ್ಪಿನವಳ ಹಾಗೆಯೇ ರಾಗ ಎಳೆದು, "ಸೊಪ್ಪೋ... ಸೊಪ್ಪು! ದಂಟು, ಮೆಂತ್ಯ, ಸಬ್ಬಸ್ಗೆ..." ಅನ್ನಬೇಕು. ಅವನು ಸ್ಟೂಲು ಎಳೆದುಕೊಂಡು ಬಂದು, ಹತ್ತಿ, ಬಾಗಿಲ ಹಿಡಿ ಅದುಮಿ ತೆಗೆದು, ತಟ್ಟೆ ಒಡ್ಡಬೇಕು. ತಟ್ಟೆಗೆ ಒಂದು ಎಳೆ ಕೊತ್ತಂಬರಿ ಬೀಳುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. "ಯಾರು ಕೂಗಿದ್ರೂ ಬಾಗಿಲು ತೆಗಿ ಅಂತ ಕಲಿಸ್ತೀಯಲ್ಲಮ್ಮ, ಕಾಲ ಹೆಂಗಿದೆ ಗೊತ್ತಾ?" ಅಂತ ಬೈದಿದ್ದೆ. "ಸೊಪ್ಪಿನವ್ಳು ಬಂದ್ರೆ ಬಾಗ್ಲು ತೆಗೀದೆ ಇನ್ನೇನ್ ಮಾಡ್ತಾರೆ, ಓಗೇ" ಅಂದಿದ್ದಳು ಅಮ್ಮ.

ಆಮೇಲೆ, ಅಲ್ಲಿಯವರೆಗೆ ಊರಲ್ಲೇ ಉಳಿದಿದ್ದ ನನ್ನ ಗಂಡ ಮಗನನ್ನು ಕರೆದುಕೊಂಡು ಬಂದರು. ಅವರಿಗೊಂದು ಬೇಕರಿಯಲ್ಲಿ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಹೋಗಬೇಕು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಮುಂಬಾಗಿಲು, ಕೈ ಬಿಟ್ಟರೆ ತಾನಾಗಿಯೇ ಮುಚ್ಚಿಕೊಂಡು ಬೀಗ ಬೀಳುವಂಥದ್ದು. ಒಳಗಿನಿಂದಾದರೆ ಹಿಡಿ ಅದುಮಿದರೆ ಸಾಕು, ಹೊರಗಿನಿಂದ ಬೀಗದ ಕೈ ಇಲ್ಲದೆ ಆಗದು. ಬಾಗಿಲ ನಡುವೆ ಕಾಗದ ಹಾಕುವ ಒಂದು ಸಂದಿ ಇತ್ತು.

ಮಗ ಬಂದ ಮೇಲೆ ನನಗೆ ಮನೆ ಮನೆಯ ಹಾಗಿರಬೇಕು ಅಂತ ಆಸೆ ಹತ್ತಿತು. ಒಂದು ಶುಕ್ರವಾರ ರಜೆ ಇತ್ತು. ಎದ್ದವಳೇ ಸ್ನಾನ ಮಾಡಿ, ಸಾರಿಗೆ ಬೇಳೆ ಕುಕ್ಕರಿಗಿಟ್ಟು, ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲು ಪೂಜೆಗೆ ಹೊರಟೆ. ಮಗ ಮಲಗಿದ್ದ. ಬಾಗಿಲಿಗೆ ಅಡ್ಡವಾಗಿ ಗಂಡನ ಹಳೆಯ ಶೂ ಇಟ್ಟು, ಹೊರಗೆ ಕುಕ್ಕರುಗಾಲಲ್ಲಿ ಕೂತು ಹೊಸ್ತಿಲು ಒರೆಸಿದೆ. ಅರಿಶಿನ ಹಚ್ಚಬೇಕು ಅನ್ನುವಾಗ ಕಣ್ಣಿಗೆ ಬಿದ್ದದ್ದು ಆ ಶೂ. ಹೊಸ್ತಿಲ ಮೇಲೆ ಚಪ್ಪಲಿ ಬಿಟ್ಟರೇ ಅಮ್ಮ ಕೆನ್ನೆಗೆ ಕೊಡುತ್ತಿದ್ದಳು, ಲಕ್ಷ್ಮಿ ಬರುವ ಹೊತ್ತಲ್ಲಿ ಶೂ ಇಟ್ಟುಕೊಂಡು ಅರಿಶಿನ ಹಚ್ಚುವುದೇ? ಒಂದು ಚೂರೂ ಯೋಚಿಸದೆ, ಭಕ್ತಿಯಿಂದ, ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಬಾಗಿಲು ಮುಚ್ಚಿಕೊಂಡಿತು.

ಫೋನು ಒಳಗೆ, ಬೀಗದ ಕೈ ಒಳಗೆ, ಮಗ ಒಳಗೆ. ಕುಕ್ಕರ್ ಮೊದಲ ಕೂಗು ಹಾಕಿತು.

ಎರಡನೆಯ ಕೂಗೂ ಬಂತು. ಬೆಂಗಳೂರಲ್ಲಿ ಕಲಿಯುವಾಗ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಒಲೆಯ ಮೇಲಿದ್ದದ್ದನ್ನು ಎಳೆದುಕೊಂಡ ಮಕ್ಕಳನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಕದ ಮನೆ ಬಾಗಿಲು ಬಡಿದೆ, ಯಾರೂ ಇಲ್ಲ. ಕೆಳಗಿನ ಮಹಡಿಗೆ ಓಡಿದೆ, ಅಲ್ಲೂ ಇಲ್ಲ. ಇನ್ನೊಂದು ಬಾಗಿಲು ತೆರೆಯಿತು. ಬಿಳಿಗೂದಲಿನ ಒಬ್ಬ ಮುದುಕಿ, ಅರಿಶಿನದ ಕೈಯ, ಬರಿಗಾಲಿನ ನನ್ನನ್ನು ನೋಡಿ ಮೊದಲು ಹೆದರಿದರು. ಆ ಮನೆಗೆ ಬಂದ ಮೂರು ತಿಂಗಳಲ್ಲಿ ನಾವು ಒಂದು ಮಾತೂ ಆಡಿರಲಿಲ್ಲ. ನಾನು ಹೇಳಿದ್ದು ಅರ್ಥವಾದ ಕೂಡಲೇ ಅಗ್ನಿಶಾಮಕದವರಿಗೆ ಫೋನ್ ಮಾಡಿ, ನನ್ನ ಹಿಂದೆಯೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಹೊರಟಿದ್ದಾರೆ, ಬರುತ್ತಾರೆ ಅಂದರು. ಎಷ್ಟು ಹೊತ್ತಿಗೆ ಅಂತ ಅವರಿಗೂ ಗೊತ್ತಿರಲಿಲ್ಲ.

ಐದನೆಯ ಕೂಗಿಗೆ ಮಗ ಎದ್ದ. "ಅಮ್ಮಾ" ಅಂತ ಕೋಣೆ ಕೋಣೆ ಹುಡುಕುವುದು ಕೇಳಿಸಿತು. ನಾನು ಸಂದಿಗೆ ಬಾಯಿಟ್ಟು "ಚಿನ್ನಾ, ಇಲ್ಲಿ ಬಾ, ಬಾಗಿಲು ತೆಗಿ" ಅಂತ ಕಿರುಚಿದೆ. ನನ್ನ ಗಂಟಲಿನ ಭಯ ಅವನಿಗೆ ತಾಗಿತು. ಬೆಚ್ಚಿಬಿದ್ದು ಜೋರಾಗಿ ಅಳುತ್ತ ಒಳಗೇ ಓಡಿದ. ನಾನು ಕೂಗಿದಷ್ಟೂ ಅವನು ದೂರ ಹೋಗುತ್ತಿದ್ದ.

ಮುದುಕಿ ತಮ್ಮ ಫೋನು ನನ್ನ ಕೈಗಿಟ್ಟು ಗಂಡನಿಗೆ ಮಾಡು ಅಂದರು. ಗಂಡನ ನಂಬರು ನನಗೆ ಬರುತ್ತಿರಲಿಲ್ಲ. ನನಗೆ ಬಾಯಿಪಾಠವಿದ್ದದ್ದು ಒಂದೇ ನಂಬರು, ಅಮ್ಮನದು. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು.

"ಅಮ್ಮಾ, ಮಗು ಒಳಗಿದೆ, ಬಾಗಿಲು ಹಾಕ್ಕೊಂಬಿಡ್ತು, ಒಲೆ ಉರೀತಿದೆ..." ಅಂತ ಅಳತೊಡಗಿದೆ.

ಅಮ್ಮ ಗಾಬರಿ ಬೀಳುತ್ತಾಳೆ ಅಂದುಕೊಂಡಿದ್ದೆ. "ನೀನು ಮೊದ್ಲು ಬಾಯ್ ಮುಚ್ಚು" ಅಂದಳು. "ನೀನ್ ಅತ್ರೆ ಅದೂ ಅಳ್ತದೆ. ಬಾಗ್ಲಲ್ಲಿ ಸಂದಿ ಐತಾ? ಫೋನು ಅಲ್ಲಿಡು. ಸೌಂಡು ಜೋರು ಮಾಡು."

ಫೋನನ್ನು ಸಂದಿಯೊಳಕ್ಕೆ ಅರ್ಧ ತೂರಿಸಿ ಹಿಡಿದೆ. ಆ ಚಳಿಯ ಮೆಟ್ಟಿಲ ಹತ್ತಿರ, ಅರ್ಥವಾಗದೆ ನಿಂತ ಮುದುಕಿಯ ಎದುರು, ಅಮ್ಮನ ದನಿ ಎದ್ದಿತು. "ಸೊಪ್ಪೋ... ಸೊಪ್ಪು! ದಂಟು, ಮೆಂತ್ಯ, ಸಬ್ಬಸ್ಗೆ... ಬನ್ನಿ ಸ್ವಾಮಿ ಬನ್ನಿ, ತಟ್ಟೆ ತತ್ತೀರೋ ಇಲ್ವೋ, ನಾನ್ ಮುಂದಿನ್ ಮನೆಗ್ ಓಯ್ತೀನಿ!"

ಅಳು ನಿಂತಿತು. ಕುಕ್ಕರ್ ಇನ್ನೊಮ್ಮೆ ಕೂಗಿತು. ಆಮೇಲೆ ಸ್ಟೂಲು ಎಳೆಯುವ ಸದ್ದು.

ನನ್ನ ಜನ್ಮದಲ್ಲಿ ನಾನು ಹಾಗೆ ಹೆದರಿಲ್ಲ. ಸ್ಟೂಲು ಇದ್ದದ್ದು ಅಡುಗೆಮನೆಯಲ್ಲಿ. ಅವನು ಅದನ್ನು ಎಳೆಯುತ್ತಿರುವುದು ಬಾಗಿಲ ಕಡೆಗೋ, ಒಲೆಯ ಕಡೆಗೋ? ತಟ್ಟೆ ಬೇಕು ಅಂತ ಹತ್ತಲು ಹೋದನೋ? ಪಾತ್ರೆಗಳಿದ್ದದ್ದು ಒಲೆಯ ಪಕ್ಕದಲ್ಲೇ. ಸಂದಿಯಲ್ಲಿ ಫೋನಿತ್ತು, ನನಗೆ ಒಳಗೆ ಏನೂ ಕಾಣುತ್ತಿರಲಿಲ್ಲ. ಫೋನು ತೆಗೆದರೆ ಅಮ್ಮನ ದನಿ ನಿಲ್ಲುತ್ತದೆ. ಸ್ಟೀಲಿನ ಏನೋ ನೆಲಕ್ಕೆ ಬಿತ್ತು. ಅವನ ಸದ್ದು ನಿಂತುಹೋಯಿತು. ಮುದುಕಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ನಾನು ನೆನೆಯದ ದೇವರಿಲ್ಲ. ಪಕ್ಕಕ್ಕಿಟ್ಟ ಶೂ ನೋಡಿ, ಇಂಥಾ ಪೂಜೆಯೂ ಬೇಡ, ಲಕ್ಷ್ಮಿಯೂ ಬೇಡ ಅಂತ ಅಂದುಬಿಟ್ಟೆ. ಅಮ್ಮ ಮಾತ್ರ ನಿಲ್ಲಿಸಲಿಲ್ಲ. ದಂಟು, ಮೆಂತ್ಯ, ಸಬ್ಬಸ್ಗೆ. ದಂಟು, ಮೆಂತ್ಯ, ಸಬ್ಬಸ್ಗೆ.

ಮತ್ತೆ ಸ್ಟೂಲಿನ ಸದ್ದು. ಹತ್ತಿರ. ಇನ್ನೂ ಹತ್ತಿರ. ಬಾಗಿಲಿಗೆ ಧಡ್ ಅಂತ ತಾಗಿತು. ಹಿಡಿ ಒಮ್ಮೆ ಅಲ್ಲಾಡಿತು, ಬಿಟ್ಟುಕೊಂಡಿತು, ಮತ್ತೆ ಕೆಳಗಿಳಿಯಿತು. ಬಾಗಿಲನ್ನು ಸ್ಟೂಲಿನ ಸಮೇತ ಮೆಲ್ಲಗೆ ಒಳಕ್ಕೆ ನೂಕಿದೆ.

ಸ್ಟೂಲಿನ ಮೇಲೆ ನಿಂತಿದ್ದ ಅವನ ಮೂಗಿನಿಂದ ಸಿಂಬಳ ಸುರಿಯುತ್ತಿತ್ತು. ಒಂದು ಕೈಯಲ್ಲಿ ತಟ್ಟೆ. ನನ್ನನ್ನು ನೋಡಿದ, ಮುದುಕಿಯನ್ನು ನೋಡಿದ, ಇಬ್ಬರ ಹಿಂದೆಯೂ ಇಣುಕಿದ. "ಅಜ್ಜಿ ಎಲ್ಲಿ?" ಅಂದ.

ಅವನನ್ನು ಸೊಂಟಕ್ಕೆ ಎತ್ತಿಕೊಂಡೇ ಓಡಿ ಒಲೆ ಆರಿಸಿದೆ. ಸೀದ ಬೇಳೆಯ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಅಲ್ಲೇ ನೆಲದ ಮೇಲೆ ಕುಸಿದು ಕೂತು, ಅವನ ಕೈ, ಬೆರಳು, ಹೊಟ್ಟೆ, ಪಾದ ಎಲ್ಲ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗಾಯವೂ ಇರಲಿಲ್ಲ. ಅಗ್ನಿಶಾಮಕದವರು ಇನ್ನೂ ಬಂದಿರಲಿಲ್ಲ. ಆಗ ಮುಂಬಾಗಿಲ ಕಡೆಯಿಂದ ಸಣ್ಣಗೆ ಏನೋ ಕೇಳಿಸಿತು. ಫೋನು ಸಂದಿಯಲ್ಲೇ ಸಿಕ್ಕಿಕೊಂಡಿತ್ತು. ಬಾಗಿಲು ತೆರೆದದ್ದನ್ನು ಯಾರೂ ಅಮ್ಮನಿಗೆ ಹೇಳಿರಲಿಲ್ಲ. ಅವಳ ಗಂಟಲು ಒಡೆದಿತ್ತು. ಸೊಪ್ಪೋ ಸೊಪ್ಪು ಅಂತ ಇನ್ನೂ ಕೂಗುತ್ತಲೇ ಇದ್ದಳು.

"ಅಮ್ಮಾ, ತೆಗ್ದ. ಏನೂ ಆಗಿಲ್ಲ. ನನ್ ಹತ್ರಾನೇ ಇದಾನೆ" ಅಂದೆ, ಹೋಗಿ ಫೋನನ್ನು ಸಂದಿಯಿಂದ ಎಳೆದುಕೊಂಡು.

ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಸೆರಗಿನಿಂದ ಮೂಗು ಒರೆಸಿಕೊಂಡಳು ಅಂತ ಕಾಣುತ್ತದೆ.

"ಒಲೆ ಆರ್ಸಿದ್ಯಾ?"

"ಹ್ಞೂಂ."

"ನಂಗೆ ಕೇಳ್ಸಿದ್ದು ನಾಕು ಕೂಗು" ಅಂದಳು. "ಅದ್ಕೆ ಮುಂಚೆ ಎಷ್ಟಾಗಿತ್ತೇ?"