ಊಟದ ಹೊತ್ತಿನ ಮೂರು ಕರೆಗಳು

2023ರಲ್ಲಿ ನಾನು ಘಣಸೋಲಿಯ ಕಚೇರಿಯೊಂದರಲ್ಲಿ, ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ದೂರು ವಿಭಾಗದಲ್ಲಿದ್ದೆ. ಕಾಲ್ ಸೆಂಟರಿನಲ್ಲಿ ಇತ್ಯರ್ಥವಾಗದ ದೂರುಗಳು ನಮ್ಮ ಬಳಿ ಬರುತ್ತಿದ್ದವು. ಸೆಪ್ಟೆಂಬರಿನಲ್ಲಿ ಬಂದ ಒಂದು ದೂರು ಕೋಪರಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಪಾಧ್ಯರದು. ಬಾಕಿ 5,870 ರೂಪಾಯಿ. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ ಅವರು ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು.

“ನಮ್ಮ ಕಡೆಯವರಾ ನೀವು? ಹಾಗಾದ್ರೆ ಕೇಳಿ. ಆ ಕಾರ್ಡಿನಲ್ಲಿ ಒಂದು ಫ್ರಿಜ್ ತಗೊಂಡದ್ದು, ಅಷ್ಟೇ. ಅದರ ದುಡ್ಡು ಅದೇ ತಿಂಗಳು ಕಟ್ಟಿ ಆಗಿದೆ. ಬಂದ್ ಮಾಡಿ ಅಂತ ಮಾರ್ಚಿನಲ್ಲೇ ಹೇಳಿದ್ದೇನೆ. ತಿನ್ನದ ದೋಸೆಗೆ ನಾನು ಬಿಲ್ಲು ಕೊಟ್ಟರೆ ಗಿರಾಕಿ ಸುಮ್ಮನೆ ಇರ್ತಾನಾ ಮಾರಾಯ್ರೆ?”

ಹಣ ಅವರಿಗೆ ದೊಡ್ಡದಾಗಿರಲಿಲ್ಲ. ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ ಹೋಟೆಲಿನ ಜಾಗ ಮಾರಾಟಕ್ಕೆ ಬಂದಿತ್ತು. ಮಾಲೀಕರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದರು. ಆದರೆ ನಮ್ಮ ಬ್ಯಾಂಕು ಅವರನ್ನು ಬಾಕಿದಾರರೆಂದು ಕ್ರೆಡಿಟ್ ಬ್ಯೂರೋಗೆ, ಅಂದರೆ ಸಾಲಗಾರರ ದಾಖಲೆ ಇಡುವ ಸಂಸ್ಥೆಗೆ, ವರದಿ ಮಾಡಿದ್ದರಿಂದ, ಆ ಜಾಗ ಕೊಳ್ಳಲು ಅವರು ಬೇರೆ ಬ್ಯಾಂಕಿನಲ್ಲಿ ಕೇಳಿದ್ದ ಸಾಲವನ್ನು ತಡೆಹಿಡಿಯಲಾಗಿತ್ತು.

“ಕಟ್ಟಿಬಿಡಿ ಅಂತಾರೆ ನಿಮ್ಮವರು. ಕಟ್ಟಿದ್ರೂ ತಡ ಮಾಡಿದವ ಅಂತ ಹೆಸರು ಉಳೀತದೆ” ಎಂದರು. ಅದು ನಿಜ.

ಕಾರ್ಡ್ ಮುಚ್ಚುವ ಮುಂಚೆ ಗ್ರಾಹಕರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ನಮ್ಮಲ್ಲಿನ ಕ್ರಮ. ಮೂರು ಕರೆಗೂ ಉತ್ತರ ಬರದಿದ್ದರೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು ಅರ್ಜಿಯನ್ನೇ ಮುಗಿಸುತ್ತಿದ್ದೆವು, ಕಾರ್ಡು ಹಾಗೇ ಉಳಿಯುತ್ತಿತ್ತು. ನಾವು ಕರೆ ಮಾಡುವ ನಂಬರಿಗೆ ಗ್ರಾಹಕರು ತಿರುಗಿ ಕರೆ ಮಾಡಲು ಬರುತ್ತಿರಲಿಲ್ಲ. ಉಪಾಧ್ಯರ ಅರ್ಜಿ ಹೀಗೆ ಮುಗಿದಿತ್ತು. ಮೇ ತಿಂಗಳಲ್ಲಿ ವಾರ್ಷಿಕ ಶುಲ್ಕ ಬಿತ್ತು, ಅದರ ಮೇಲೆ ವಿಳಂಬ ಶುಲ್ಕ, ಬಡ್ಡಿ.

ನಾನು ಮಾರ್ಚಿನಲ್ಲಿ ಉಪಾಧ್ಯರು ಮಾಡಿದ್ದ ಕರೆಯ ಧ್ವನಿಮುದ್ರಣ ತೆಗೆಸಿ ಕೇಳಿದೆ. ಕಾರ್ಡ್ ಬೇಡವೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ನಂತರ ನಮ್ಮವರು ಬೇರೆ ಬೇರೆ ದಿನ ಮಾಡಿದ್ದ ಮೂರು ಕರೆಗಳ ಸಮಯ ನೋಡಿದೆ: 12.40, 1.05, 12.50. ಹೋಟೆಲಿನಲ್ಲಿ ಊಟದ ರಶ್ ಇರುವ ಹೊತ್ತು. ಮೂರನೆಯ ಕರೆಯ ಎದುರು ನನ್ನದೇ ಉದ್ಯೋಗಿ ಸಂಖ್ಯೆ ಇತ್ತು. ಮಾರ್ಚಿನಲ್ಲಿ ನಾನು ಇನ್ನೂ ಕರೆ ಮಾಡುವ ತಂಡದಲ್ಲಿದ್ದೆ.

ನನ್ನ ಅಪ್ಪ ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ, ದುಡ್ಡು ತೆಗೆದುಕೊಳ್ಳುವ ಜಾಗದಲ್ಲಿ, ಕೂರುವವರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನಾವು ಅವರಿಗೆ ಫೋನ್ ಮಾಡುತ್ತಿರಲಿಲ್ಲ. ಅರ್ಜಿಯಲ್ಲಿ ಉಪಾಧ್ಯರ ಉದ್ಯೋಗದ ಮುಂದೆ ‘ಹೋಟೆಲ್’ ಎಂದೇ ಬರೆದಿತ್ತು. ನಾನು ಅದನ್ನು ಓದಿರಲಿಲ್ಲ.

ಎಲ್ಲವನ್ನೂ ಎರಡು ಪುಟದ ಟಿಪ್ಪಣಿಯಲ್ಲಿ ಬರೆದೆ, ನನ್ನ ಕರೆಯ ವಿವರ ಸಮೇತ. ಮೇಲ್ವಿಚಾರಕಿ ಓದಿ, ಬಾಗಿಲು ಮುಚ್ಚಿದರು.

“ಅಪನಾ ನಾಮ್ ಕ್ಯೂಂ ಡಾಲಾ? ಸಿಸ್ಟಮ್ ಎರರ್ ಲಿಖ್ ದೋ, ಬಾತ್ ಖತಮ್.” ನನ್ನ ಹೆಸರು ಯಾಕೆ ಹಾಕಿದೆ, ಸಿಸ್ಟಮ್ ತಪ್ಪೆಂದು ಬರೆದರೆ ಮುಗಿಯಿತಲ್ಲ ಎಂಬುದು ಅವರ ಮಾತು.

“ಸಿಸ್ಟಮ್ ಎರರ್ ಅಂದ್ರೆ ಐಟಿಯವರ ತನಿಖೆ ಆಗಬೇಕು, ಮೂರು ವಾರ. ಉನಕೇ ಪಾಸ್ ನೌ ದಿನ್ ಹೈಂ, ಮ್ಯಾಮ್” ಎಂದೆ, ಎರಡು ಭಾಷೆ ಕಲೆತದ್ದು ನನಗೆ ತಿಳಿಯಲೇ ಇಲ್ಲ. ಉಪಾಧ್ಯರಿಗೆ ಉಳಿದದ್ದು ಒಂಬತ್ತೇ ದಿನ. ಸಿಬ್ಬಂದಿಯ ತಪ್ಪೆಂದು ಬರೆದರೆ ಮಾತ್ರ ವಿಭಾಗದ ಮುಖ್ಯಸ್ಥರು ನೇರವಾಗಿ ತೀರ್ಮಾನಿಸಬಹುದಿತ್ತು. ನನ್ನ ಮಾತಿನಲ್ಲಿ ಮೇಲ್ವಿಚಾರಕಿಗೆ ಅರ್ಥವಾದದ್ದು ಅರ್ಧ. ಆದರೂ ಸಹಿ ಹಾಕಿದರು.

ನಾಲ್ಕನೆಯ ದಿನ ಶುಲ್ಕವೆಲ್ಲ ರದ್ದಾಯಿತು, ಬ್ಯೂರೋದ ದಾಖಲೆ ತಿದ್ದಲು ಪತ್ರ ಹೋಯಿತು. ತಿಂಗಳ ಕೊನೆಗೆ ಎರಡು ದಿನ ಇರುವಾಗ ಉಪಾಧ್ಯರ ಸಾಲ ಮಂಜೂರಾಯಿತು. ಮೂರನೆಯ ಕರೆ ನನ್ನದೆಂದು ನಾನೇ ಅವರಿಗೆ ಹೇಳಿದೆ. ಅಪ್ಪನ ಕೆಲಸದ ವಿಷಯವನ್ನೂ ಹೇಳಿದೆ.

“ಹೋಟೆಲಿನವರ ಮಗಳಾಗಿ ಊಟದ ಹೊತ್ತಿಗೆ ಫೋನ್ ಮಾಡಿದ್ರಾ? ಅಪ್ಪನಿಗೆ ಹೇಳಬೇಡಿ, ಬೈತಾರೆ!” ಎಂದು ನಕ್ಕರು.

ನನಗೆ ಲಿಖಿತ ಎಚ್ಚರಿಕೆ ಬಂತು. ಅದು ನ್ಯಾಯವೇ. ಅಲ್ಲಿಯವರೆಗೆ ನಾನು ಗ್ರಾಹಕರ ಮಾತನ್ನು ಅನುಮಾನದಿಂದಲೂ ನಮ್ಮ ದಾಖಲೆಯನ್ನು ನಂಬಿಕೆಯಿಂದಲೂ ಓದುತ್ತಿದ್ದೆ. ದಾಖಲೆಯನ್ನು ಬರೆಯುವವರೂ ನನ್ನಂಥವರೇ, ಅವಸರದಲ್ಲಿ ಬರೆಯುತ್ತಾರೆ. ಈಗ ಎರಡನ್ನೂ ಒಂದೇ ಅನುಮಾನದಿಂದ ಓದುತ್ತೇನೆ.