ಹದಿನೆಂಟು ಡಬ್ಬಿ, ಹದಿನೆಂಟು ಹಿಡಿ ಅಕ್ಕಿ

ಆ ನಾಯಿ ನನ್ನ ಕಡೆಗೇ ಬರುತ್ತಿತ್ತು.

ಸಣ್ಣ ನಾಯಿ. ಮೈಮೇಲೆ ಹಸಿರು ಕೋಟು. ಒಂದೊಂದು ಟ್ರಾಲಿಯ ಹತ್ತಿರವೂ ನಿಂತು ಮೂಸುತ್ತಿತ್ತು, ಮುಂದೆ ಹೋಗುತ್ತಿತ್ತು. ಕ್ಯೂನಲ್ಲಿ ನನಗಿಂತ ಆರೇಳು ಜನ ಮುಂದಿದ್ದ ಒಬ್ಬರ ಚೀಲದ ಪಕ್ಕ ಪಟ್ಟನೆ ಕುಳಿತುಬಿಟ್ಟಿತು. ಅಧಿಕಾರಿ ಬಂದು ಚೀಲ ಬಿಚ್ಚಿದರೆ ಒಳಗೆ ಸಿಕ್ಕಿದ್ದು ಒಂದು ಸೇಬು. ಒಂದೇ ಒಂದು ಸೇಬು! ಅಷ್ಟಕ್ಕೇ ಆ ಮನುಷ್ಯನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು.

ಗೋಡೆಯ ಮೇಲೆ ದೊಡ್ಡ ಬೋರ್ಡು. ಅದರಲ್ಲಿದ್ದ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ. (ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು.) ಆದರೆ ಚಿತ್ರ ಓದಲು ಯಾವ ಕ್ಲಾಸು ಬೇಕು? ಹಣ್ಣಿನ ಚಿತ್ರ, ಬೀಜದ ಚಿತ್ರ, ಕಾಳಿನ ಚಿತ್ರ. ಕೊನೆಯಲ್ಲಿ ಒಂದು ಬಟ್ಟಲು ಅಕ್ಕಿ. ಎಲ್ಲದರ ಮೇಲೂ ಕೆಂಪು ಗೀಟು.

ನಾನು ಟ್ರಾಲಿಗೆ ಅಡ್ಡ ನಿಂತೆ.

ಯಾಕೆ ಅಂದರೆ, ನಮ್ಮ ಟ್ರಾಲಿಯ ಮೇಲಿದ್ದ ಪೆಟ್ಟಿಗೆಯಲ್ಲಿ ಹದಿನೆಂಟು ಸ್ಟೀಲ್ ಡಬ್ಬಿಗಳಿದ್ದವು. ಹದಿನೆಂಟರಲ್ಲೂ ಅಕ್ಕಿ ಇತ್ತು. ಹಾಕಿದವಳು ನಾನೇ. ಆ ವಿಷಯ ನನಗೊಬ್ಬಳಿಗೇ ಗೊತ್ತಿತ್ತು.

ಮೊದಲಿಂದ ಹೇಳುತ್ತೇನೆ. ಇಲ್ಲದಿದ್ದರೆ ಈ ಅಜ್ಜಿಗೆ ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಏನು ಕೆಲಸ ಅಂತ ಕೇಳುತ್ತೀರಿ.

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಶೆಡ್ ಇದೆ. ನಮ್ಮ ಯಜಮಾನರು ತಗಡು ಒತ್ತುವ ಒಂದೇ ಒಂದು ಪ್ರೆಸ್ ಮೆಷಿನ್ ಇಟ್ಟುಕೊಂಡು ಶುರು ಮಾಡಿದ್ದು. ಅವರು ಹೋದ ಮೇಲೆ ಮಗ ಮಂಜುನಾಥ ನಡೆಸುತ್ತಾನೆ. ಅಡುಗೆಮನೆಗೆ ಬೇಕಾದ ಸ್ಟೀಲ್ ಡಬ್ಬಿ ಮಾಡುತ್ತೇವೆ. ಬೇಳೆಗೊಂದು, ಹಿಟ್ಟಿಗೊಂದು, ಪುಡಿಗೊಂದು, ಹೀಗೆ ಮೂರು ಸೈಜಿನ ಸೆಟ್. ಎರಡು ವರ್ಷದಿಂದ ದೊಡ್ಡ ಅಂಗಡಿಯವರು ಒಬ್ಬೊಬ್ಬರಾಗಿ ಪ್ಲಾಸ್ಟಿಕ್ ಕಡೆ ವಾಲಿದರು. ನಾಲ್ಕು ಪ್ರೆಸ್ಸಿನಲ್ಲಿ ಎರಡಕ್ಕೆ ಟಾರ್ಪಾಲು ಹೊದಿಸಿದ್ದಾಯಿತು. ಶೆಡ್ಡನ್ನು ಕೊರಿಯರ್ ಗೋಡೌನಿಗೆ ಬಾಡಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ ಮಗ ಮನಸ್ಸು ಮಾಡಿದ್ದ. ಪಾಲಿಶ್ ಮಾಡುವ ರಾಯಚೂರಿನವರು, ಪ್ಯಾಕಿಂಗ್ ಮಾಡುವ ಹೆಂಗಸರು, ಒಟ್ಟು ಹದಿನಾಲ್ಕು ಜನ ಆಮೇಲೆ ಎಲ್ಲಿಗೆ ಹೋಗಬೇಕು?

ಆಗ ಮೊಮ್ಮಗಳು ಸಹನಾ ಒಂದು ಸುದ್ದಿ ತಂದಳು. ಸಣ್ಣ ಕಾರ್ಖಾನೆಯವರ ಸಂಘದಿಂದ ಆಸ್ಟ್ರೇಲಿಯಕ್ಕೆ ಟ್ರೇಡ್ ಮಿಷನ್ ಹೋಗುತ್ತಿದೆ. ಅಲ್ಲಿನ ಅಂಗಡಿ ಮಾಲೀಕರ ಎದುರು ಕೂತು ನಮ್ಮ ಮಾಲು ತೋರಿಸಬಹುದು. ಒಂದು ಯೂನಿಟ್ಟಿನಿಂದ ಇಬ್ಬರು.

"ಅಪ್ಪಾ, ಇದೊಂದ್ ಸಲ ನೋಡ್ಬಿಡೋಣ. ಆಗ್ಲಿಲ್ಲಾಂದ್ರೆ ಬಾಡಿಗೆಗೆ ಕೊಡು, ನಾನು ಬೇಡ ಅನ್ನಲ್ಲ," ಅಂದಳು.

"ಇನ್ನೊಬ್ರು ಯಾರು? ನಾನ್ ಬಂದ್ರೆ ಮೆಷಿನ್ ಯಾರ್ ನೋಡ್ಕೋತಾರೆ?"

"ಅಜ್ಜಿ ಬರ್ತಾಳೆ."

ನಗಬೇಡಿ. ಕಾರಣ ಇದೆ. ಸ್ಟೀಲ್ ಡಬ್ಬಿಯ ಕೆಲಸದಲ್ಲಿ ಕೊನೆಯದು ಮುಚ್ಚಳ ಹೊಂದಿಸುವುದು. ಒಂದೇ ಅಚ್ಚಿನಿಂದ ಬಂದರೂ ಪಾಲಿಶ್ ಆದ ಮೇಲೆ ಒಂದು ಡಬ್ಬಿಯ ಬಾಯಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಯಾವುದಕ್ಕೆ ಯಾವ ಮುಚ್ಚಳ ಅಂತ ಕೈಯಲ್ಲೇ ನೋಡಬೇಕು. ಸರಿಯಾದದ್ದನ್ನು ಮೇಲಿಟ್ಟು ಕೈ ಬಿಟ್ಟರೆ ಅದು ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ, ಒಳಗಿನ ಗಾಳಿ ಉಸ್ ಅನ್ನುತ್ತದೆ. ತಪ್ಪಿದರೆ ದಡ್ ಅಂತ ಬೀಳುತ್ತದೆ, ಇಲ್ಲವೇ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂವತ್ತು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ.

"ರೇಟು ಗೀಟು ನಾನ್ ಮಾತಾಡ್ತೀನಿ. ಡಬ್ಬಿ ಬಗ್ಗೆ ಕೇಳಿದ್ರೆ ಅಜ್ಜಿ ತೋರಿಸ್ತಾಳೆ," ಅಂದಳು ಸಹನಾ.

ಪಾಸ್‌ಪೋರ್ಟು ನನ್ನ ಹತ್ತಿರ ಇತ್ತು. (ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಿ ಬಂದಿದ್ದೆ.) ಸಂಘದ ಪರವಾಗಿ ಗುಂಪನ್ನು ಕರೆದುಕೊಂಡು ಹೋಗುತ್ತಿದ್ದ ಗಿರಿಧರ ಸಾರ್ ಮಾತ್ರ ನನ್ನನ್ನು ನೋಡಿ ಹುಬ್ಬು ಹಾರಿಸಿದರು.

"ಅಜ್ಜಿ, ಇದು ಟೂರ್ ಅಲ್ಲ, ಟ್ರೇಡ್ ಮಿಷನ್ನು."

"ಗೊತ್ತು ಸಾರ್. ಟೂರಾಗಿದ್ರೆ ಇಷ್ಟು ಭಾರ ಯಾರ್ ಹೊರ್ತಿದ್ರು?"

ಹೊರಡುವ ಹಿಂದಿನ ದಿನ ಸ್ಯಾಂಪಲ್ ಪ್ಯಾಕ್ ಮಾಡಿದವಳು ನಾನು. ಡಬ್ಬಿ ಒರೆಸಿ, ಕಾಗದ ಸುತ್ತಲು ಹೋದವಳ ಕೈ ನಿಂತುಬಿಟ್ಟಿತು. ಖಾಲಿ ಡಬ್ಬಿ! ಪಕ್ಕದ ಮನೆಯವರು ಹುಳಿ ಕೊಟ್ಟು ಕಳಿಸಿದ ಪಾತ್ರೆಯನ್ನು ನೀವು ಖಾಲಿ ವಾಪಸ್ ಕೊಡುತ್ತೀರಾ? ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೀರಿ ತಾನೆ? ಇನ್ನು ಮೊಮ್ಮಗಳ ಮೊದಲ ವ್ಯಾಪಾರಕ್ಕೆ, ಅದೂ ಸಮುದ್ರದಾಚೆಗೆ, ಖಾಲಿ ಪಾತ್ರೆ ಕಳಿಸುವುದಕ್ಕೆ ಯಾವ ಅಜ್ಜಿಗೆ ಮನಸ್ಸು ಬರುತ್ತದೆ? ಒಂದೊಂದಕ್ಕೂ ಒಂದೊಂದು ಹಿಡಿ ಅಕ್ಕಿ ಹಾಕಿ ಮುಚ್ಚಿದೆ. ಸಹನಾಗೆ ಹೇಳಲಿಲ್ಲ. ಹೇಳಿದ್ದರೆ ವೇಯ್ಟ್ ಜಾಸ್ತಿ ಆಗುತ್ತೆ ಅನ್ನುತ್ತಿದ್ದಳು.

ವಿಮಾನ ಇಳಿಯುವ ಮುಂಚೆ ಎಲ್ಲರಿಗೂ ಒಂದು ಕಾರ್ಡು ಕೊಟ್ಟರು. ಸಹನಾ ತನ್ನದನ್ನೂ ನನ್ನದನ್ನೂ ಚಕಚಕನೆ ತುಂಬಿ, "ಅಜ್ಜಿ, ಇಲ್ಲಿ ಸೈನ್ ಹಾಕು" ಅಂದಳು. ಹಾಕಿದೆ. ಏನು ಬರೆದಿದೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ರೇಷನ್ ಕಾರ್ಡಿನ ಆಫೀಸಿನಲ್ಲಿ ಇಷ್ಟು ವರ್ಷ ನಡೆದದ್ದೂ ಹೀಗೇ ಅಲ್ಲವೆ? ಬೆರಳು ತೋರಿಸಿದ ಕಡೆ ಸೈನು.

ಈಗ ಆ ಬೋರ್ಡಿನ ಕೆಳಗೆ ನಿಂತು ಕೇಳಿದೆ.

"ಸಹನಾ, ಆ ಕಾರ್ಡಲ್ಲಿ ಏನ್ ಕೇಳಿದ್ರೇ?"

"ಏನೇನೋ. ಹಣ್ಣು, ಬೀಜ, ಕಾಳು ಇದ್ಯಾ ಅಂತ."

"ನೀನೇನ್ ಬರ್ದೆ?"

"ಇಲ್ಲ ಅಂತ ಟಿಕ್ ಹಾಕ್ದೆ. ಯಾಕೆ?"

"ಇದೆ ಕಣೇ."

"ಏನಿದೆ?"

"ಅಕ್ಕಿ."

"ಎಲ್ಲಿ?"

"ಡಬ್ಬೀಲಿ."

"ಯಾವ್ ಡಬ್ಬೀಲಿ?"

"ಯಾವ್ದು ಅಂತ ಕೇಳ್ಬೇಡ. ಎಲ್ಲಾದ್ರಲ್ಲೂ."

ಸಹನಾ ಟ್ರಾಲಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಜ್ಜೀ! ನಾಳೆ ಹತ್ತು ಗಂಟೆಗೆ ಮೀಟಿಂಗ್ ಇದೆ. ಸ್ಯಾಂಪಲ್ ಕಿತ್ಕೊಂಡ್ರೆ ನಾನೇನ್ ತೋರಿಸ್ಲಿ, ಫೋಟೋನಾ?"

ಹಿಂದೆಯೇ ನಿಂತಿದ್ದ ಗಿರಿಧರ ಸಾರ್‌ಗೆ ಕೇಳಿಸಿತು. ತಗ್ಗಿದ ದನಿಯಲ್ಲಿ, "ಸುಮ್ನೆ ಹೋಗ್ತಾ ಇರಿ ಮೇಡಂ. ನಾಯಿ ಆ ಕಡೆ ಹೋಯ್ತು. ಸ್ಟೀಲ್ ಡಬ್ಬಿಯಿಂದ ವಾಸ್ನೆ ಎಲ್ಲಿ ಬರುತ್ತೆ?" ಅಂದರು.

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೂ ಹಾಗೇ ಅನ್ನಿಸಿತು. ಮುಚ್ಚಳ ಹೊಂದಿಸಿದವಳು ನಾನು. ಅಲ್ಲಿಂದ ಗಾಳಿ ಹೊರಗೆ ಬರುವುದಿಲ್ಲ, ವಾಸನೆ ಬರುತ್ತದೆಯೆ? ಇನ್ನು ಇಪ್ಪತ್ತು ಹೆಜ್ಜೆ ನಡೆದರೆ ಬಾಗಿಲು. ಆದರೆ ಕೈಯಲ್ಲಿದ್ದ ಕಾರ್ಡು ನೋಡಿದೆ. ಅದರ ಕೆಳಗೆ ಕನ್ನಡದಲ್ಲಿ, ಅಂಕುಡೊಂಕಾಗಿ, ನನ್ನದೇ ಹೆಸರು.

"ತಿದ್ದೇ," ಅಂದೆ. "ಸೈನ್ ಹಾಕಿರೋಳು ನಾನು. ಅದ್ರಲ್ಲಿ ಇಲ್ಲ ಅಂತಿದ್ರೆ ಆ ಸುಳ್ಳು ನಾನೇ ಹೇಳ್ದಂಗೆ."

ಸಹನಾ ತಿದ್ದಿದಳು. ನಮ್ಮನ್ನು ಬೇರೆ ಸಾಲಿಗೆ ಕಳಿಸಿದರು. ಗಿರಿಧರ ಸಾರ್ ತಲೆ ಚಚ್ಚಿಕೊಂಡು ಮುಂದೆ ಹೋದರು.

ಅಲ್ಲಿ ಎತ್ತರದ ಒಬ್ಬ ಹೆಂಗಸು, ಕೈಗೆ ನೀಲಿ ಗ್ಲೌಸು ಹಾಕಿಕೊಂಡು, ಒಂದೊಂದೇ ಡಬ್ಬಿ ತೆಗೆದಳು. ಅಕ್ಕಿಯನ್ನು ಒಂದು ಚೀಲಕ್ಕೆ ಸುರಿದಳು, ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿದಳು, ಕೈಗೆ ಸಿಕ್ಕಿದ ಮುಚ್ಚಳವನ್ನು ಮುಚ್ಚಿದಳು. ಕೈಗೆ ಸಿಕ್ಕಿದ್ದು! ನನಗೆ ತಡೆಯಲಾಗಲಿಲ್ಲ.

"ಅಯ್ಯೋ ತಾಯಿ, ಅದು ಅದರದ್ದಲ್ಲ!"

ಆಕೆ ಸಹನಾಳ ಮುಖ ನೋಡಿದಳು. ಅಜ್ಜಿ ಏನನ್ನುತ್ತಿದ್ದಾರೆ ಅಂತ ಕೇಳಿದಳಂತೆ. ಏನಿಲ್ಲ ಅಂದಳಂತೆ ನನ್ನ ಮೊಮ್ಮಗಳು. ಆಮೇಲೆ ಆಕೆ, ಇಷ್ಟಿಷ್ಟೇ ಅಕ್ಕಿ ಯಾಕೆ ಅಂತ ಕೇಳಿದಳಂತೆ. ಸಹನಾ ಇಂಗ್ಲಿಷಿನಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಆ ಹೆಂಗಸು ಕೈಯಲ್ಲಿದ್ದ ಡಬ್ಬಿಯನ್ನೂ ನನ್ನನ್ನೂ ಒಮ್ಮೆ ನೋಡಿ, ನನ್ನ ಕಾರ್ಡಿನ ಮೇಲೆ ಏನೋ ಗೀಚಿ, ಪೆಟ್ಟಿಗೆಯನ್ನು ನಮ್ಮ ಕಡೆ ತಳ್ಳಿದಳು.

"ಏನಂದ್ಳೇ?"

"ಮೊದ್ಲೇ ಹೇಳಿದ್ದಕ್ಕೆ ಫೈನ್ ಇಲ್ವಂತೆ. ಡಬ್ಬಿ ತಗೊಂಡ್ ಹೋಗ್ಬಹುದಂತೆ." ಅಷ್ಟು ಹೇಳಿ ಸಹನಾ ನನ್ನ ಭುಜದ ಮೇಲೆ ತಲೆಯಿಟ್ಟು ನಕ್ಕಳು. ನಗುತ್ತ ನಗುತ್ತ ಅತ್ತೂಬಿಟ್ಟಳು. ನಾನೂ ಅತ್ತೆ. ಜನ ನೋಡಿದರು. ನೋಡಲಿ ಬಿಡಿ! ಎದೆಯ ಮೇಲಿಂದ ರುಬ್ಬುಗುಂಡು ಇಳಿದ ಹಾಗಾಗಿತ್ತು.

ಆದರೆ ಕೆಲಸ ಮುಗಿದಿರಲಿಲ್ಲ. ಹದಿನೆಂಟು ಮುಚ್ಚಳವೂ ಅದಲುಬದಲು. ಮೇಲೆ ನೀರಿನ ಕಲೆ ಬೇರೆ. ಅಂಥ ಡಬ್ಬಿಯನ್ನು ನಮ್ಮ ಪೀಣ್ಯದಲ್ಲೇ ಯಾರೂ ಮುಟ್ಟುವುದಿಲ್ಲ. ಮಧ್ಯಾಹ್ನ ಗುಂಪಿನವರೆಲ್ಲ ಊರು ನೋಡಲು ಹೋದರು. ನಾನು ಹೋಟೆಲಿನ ಮಂಚದ ಮೇಲೆ ಡಬ್ಬಿ ಹರಡಿಕೊಂಡು ಕೂತೆ. ಹಳೆಯ ಕಾಟನ್ ಸೀರೆಯ ತುಂಡಿನಿಂದ ಒರೆಸುವುದು, ಮುಚ್ಚಳ ಇಡುವುದು, ಕೈ ಬಿಡುವುದು. ದಡ್. ತೆಗೆ. ಇನ್ನೊಂದು. ದಡ್. ತೆಗೆ. ಉಸ್... ಹಾಂ, ನೀನು ಇದರದ್ದು.

ಸಹನಾ ಎದುರಿಗೆ ಕೂತು, ಹೊಂದಿದ್ದನ್ನು ಒಂದು ಕಡೆ ಜೋಡಿಸಿದಳು. ಬೈಯಲಿಲ್ಲ. ಒಂದು ಸಲ ಮಾತ್ರ, "ಮನೇಲೇ ಹೇಳಿದ್ರೆ ಆಗ್ತಿರ್ಲಿಲ್ವಾ ಅಜ್ಜಿ?" ಅಂದಳು.

"ಹೇಳ್ಬೇಕಿತ್ತು. ನಂದೇ ತಪ್ಪು," ಅಂದೆ. ಇನ್ನೊಂದು ಮುಚ್ಚಳ ಇಟ್ಟು, "ಕಾರ್ಡ್ ತುಂಬೋವಾಗ ನೀನೂ ಕೇಳ್ಬಹುದಿತ್ತು," ಅಂತಲೂ ಅಂದೆ.

ಅವಳು ಮುಚ್ಚಳವೊಂದನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಮಾರನೆಯ ದಿನ ಮೀಟಿಂಗು. ನಮ್ಮ ಪಾಲಿಗೆ ಇಪ್ಪತ್ತೇ ನಿಮಿಷ. ಎದುರಿಗಿದ್ದವಳು ಅಡುಗೆಮನೆ ಸಾಮಾನಿನ ಅಂಗಡಿಗಳನ್ನು ನಡೆಸುವ ಹೆಂಗಸು. ನಗು ಇಲ್ಲ, ಗಿಗು ಇಲ್ಲ. ಕೂತ ತಕ್ಷಣ ವಾಚು ನೋಡಿದಳು. ಡಬ್ಬಿ ಎತ್ತಿ, ತಳ ನೋಡಿ, ಏನೋ ಕೇಳಿದಳು.

ಸಹನಾ ನನ್ನ ಕಡೆ ತಿರುಗಿದಳು. "ಅಜ್ಜಿ, ಎಲ್ಲಾ ಕಡೆ ಸಿಗೋ ಡಬ್ಬಿಗೂ ಇದಕ್ಕೂ ಏನ್ ವ್ಯತ್ಯಾಸ ಅಂತ ಕೇಳ್ತಿದಾರೆ."

ಮಾತಿನಲ್ಲಿ ಹೇಗೆ ಹೇಳಲಿ? ಮುಚ್ಚಳವನ್ನು ಬಾಯಿಯ ಮೇಲಿಟ್ಟು ಕೈ ಎತ್ತಿಬಿಟ್ಟೆ. ಅದು ತನ್ನ ಪಾಡಿಗೆ ತಾನು ಮೆಲ್ಲಗೆ ಇಳಿಯಿತು. ಉಸ್ ಅಂತ ಕೂತುಕೊಂಡಿತು.

ಆಕೆ ಮುಚ್ಚಳ ತೆಗೆದು ತಾನೇ ಇಟ್ಟಳು. ಇಳಿಯಿತು. ಇನ್ನೊಂದು ಡಬ್ಬಿ ತೆಗೆದುಕೊಂಡಳು. ಅದೂ ಇಳಿಯಿತು. ಮೂರನೆಯದಕ್ಕೆ ಪಕ್ಕದಲ್ಲಿದ್ದವನನ್ನೂ ಕರೆದು ತೋರಿಸಿದಳು. ಇಪ್ಪತ್ತು ನಿಮಿಷ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಆಕೆ ಒಂದು ಫಾರಂ ತೆಗೆದು ಸಹನಾಳ ಮುಂದಿಟ್ಟಳು.

ಸಹನಾ ಪೆನ್ನು ತೆಗೆದಳು. ಚಕಚಕನೆ ಒಂದೆರಡು ಸಾಲು ತುಂಬಿದಳು. ಆಮೇಲೆ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಅಜ್ಜಿ, ಮೊದ್ಲನೇ ಆರ್ಡರ್ ಸಾವಿರ ಸೆಟ್ಟು. ಆರು ವಾರಕ್ಕೆ ಕಳಿಸ್ಬೇಕಂತೆ. ಆಗುತ್ತಾ?"

ಅವಳ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ನನ್ನ ಉತ್ತರಕ್ಕಾಗಿ ಒಂದು ಪೆನ್ನು ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಂಟು ಅಂತ ಬರಿ," ಅಂದೆ. "ಮಧ್ಯದಲ್ಲಿ ಹಬ್ಬ ಬರುತ್ತೆ. ಪಾಲಿಶ್‌ನವ್ರು ರಾಯಚೂರಿಗೆ ಹೋಗ್ತಾರೆ, ತಡೆಯೋಕಾಗಲ್ಲ. ಮೂರು ಸಾವಿರ ಮುಚ್ಚಳಾನ ಮೆಷಿನ್ನು ಹೊಂದಿಸುತ್ತಾ?"

"ಎಂಟು ಅಂದ್ರೆ ಬೇಡ ಅಂದ್ಬಿಟ್ರೆ?"

"ಆರು ಅಂತ ಬರ್ದು ಎಂಟಕ್ಕೆ ಕಳಿಸಿದ್ರೆ ಇನ್ನೊಂದ್ ಸಲ ಕರೀತಾರಾ?"

ಎಂಟು ಅಂತ ಬರೆದಳು. ಆ ಹೆಂಗಸು ಓದಿದಳು. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು. ಸೈನ್ ಹಾಕಿದಳು.

ಊರಲ್ಲಿ ಆಗ ಇನ್ನೂ ಬೆಳಗಾಗಿರಲಿಲ್ಲ. ಶೆಡ್ ತೆಗೆಯುವ ಹೊತ್ತಿನವರೆಗೆ ಹೇಗೆ ಕಾದೆವೋ ನಮಗೇ ಗೊತ್ತು. ಫೋನಿನಲ್ಲಿ ವಿಷಯ ಹೇಳಿದೆವು. ಮಗ, ಸಾವಿರ ಸೆಟ್ಟಾ ಅಂತ ಎರಡೆರಡು ಸಲ ಕೇಳಿ, "ಗೋಡೌನ್‌ನವ್ರು ಶೆಡ್ ನೋಡೋಕೆ ಇವತ್ತು ಬರ್ತೀವಿ ಅಂದಿದ್ರು ಕಣಮ್ಮಾ. ಬರ್ಬೇಡಿ ಅಂತ ಹೇಳ್ತೀನಿ," ಅಂದ.

ಹಿಂದಿನಿಂದ ಪ್ಯಾಕಿಂಗಿನ ರತ್ನಮ್ಮ ಕೂಗಿದ್ದು ಕೇಳಿಸಿತು. "ಅಮ್ಮಾ, ಫಾರಿನ್ನಿಂದ ನಮ್ಗೇನ್ ತರ್ತಿದೀರಾ?"

"ಕೆಲ್ಸ ತರ್ತಿದೀನಿ ಕಣೇ, ಸಾಲ್ದಾ?"

ಅಷ್ಟೂ ಜನ ಒಟ್ಟಿಗೆ ನಕ್ಕದ್ದು ಮೆಲ್ಬರ್ನ್‌ವರೆಗೂ ಕೇಳಿಸಿತು. ವಾರ ಕಳೆದರೂ ಆ ನಗು ನನ್ನ ಕಿವಿಯಿಂದ ಹೋಗಿಲ್ಲ.

ಸಂತೋಷದಲ್ಲಿ ಜಾಸ್ತಿ ಮಾತಾಡಿಬಿಟ್ಟೆ. ಒಂದೇ ಒಂದು ಮಾತು ಕೇಳಿ ನಿಲ್ಲಿಸುತ್ತೇನೆ. ಮನೆಯ ಹಿರಿಯರ ಫಾರಂ ತುಂಬಿಕೊಡುವ ಮಕ್ಕಳೇ, ಟಿಕ್ ಹಾಕುವ ಮುಂಚೆ ಒಮ್ಮೆ ಪ್ರಶ್ನೆ ಓದಿ ಹೇಳಿದರೆ, ನಿಮ್ಮ ಪೆನ್ನಿನ ಇಂಕು ಏನು ಖಾಲಿಯಾಗುತ್ತದೆಯೆ?