ಹೊರಗೆ ಕೂತ ದಿನದ ಗಂಟು

ಬೆಳಕು ಹರಿಯುವ ಹೊತ್ತಿಗೆ ಸಾವಳಗಿಯ ಓಣಿಯಲ್ಲಿ ಕಂಬಳಿ ನೇಯಲು ಕರಿ ಉಣ್ಣೆಯ ಎಳೆಗಳ ಹಾಸು ಉದ್ದಕ್ಕೆ ಬಿಗಿದು ನಿಂತಿದೆ. ಹೊಳೆವ್ವ ಬಾಗಿ, ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಎಳೆಗಳಿಗೆ ಸವರುತ್ತಾಳೆ. ಬಿಸಿಲೇರುವ ಮೊದಲು ಮುಗಿಯಬೇಕು. ತಡವಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ನಡುನಡುವೆ ಅವಳ ಎಡಗೈ ಹೊಕ್ಕುಳದ ಕೆಳಗೆ ಹೋಗಿ ಒತ್ತಿ ಹಿಡಿಯುತ್ತದೆ.

"ಕಂಬಳಿ ಕೆಲಸ ಬಂತಂದ್ರ ಈಕಿಗಿ ಹೊಟ್ಟಿ ನೆನಪಾಗತೈತಿ ನೋಡ!" ಕಟ್ಟೆಯ ಮೇಲಿಂದ ಅತ್ತೆ ಸತ್ಯವ್ವ ಚುಚ್ಚುತ್ತಾಳೆ. ಹೊಳೆವ್ವ ಕುಂಚವನ್ನು ಮುಂದಿನ ಎಳೆಗೆ ಒಯ್ಯುತ್ತಾಳೆ.

ಹೊಳೆವ್ವನ ಹೆರಿಗೆಯಲ್ಲಿ ಕೂಸು ಅಡ್ಡ ಬಿದ್ದಾಗ ಅವಳನ್ನು ಮಿರಜಕ್ಕೆ ಒಯ್ದು, ಹೊಟ್ಟೆ ಕೊಯ್ದು ತೆಗೆದರು. ತಾಯಿ, ಮಗಳು ಇಬ್ಬರೂ ಉಳಿದರು. ಮರುವರ್ಷದಿಂದ ಹೊಲಿಗೆಯ ಗುರುತಿನ ಪಕ್ಕ ಒಂದು ಗಂಟು ಏಳುತ್ತಿದೆ. ಮುಟ್ಟಿನ ದಿನ ಹತ್ತಿರವಾದಂತೆ ನೋವು ಶುರುವಾಗಿ, ಮುಟ್ಟಾದಾಗ ಬಾತು, ಆಮೇಲೆ ಇಳಿಯುತ್ತದೆ. ಬೀರೇಶ್ವರನಿಗೆ ನಡೆದುಕೊಳ್ಳುವ ಮನೆ. ಆ ದಿನಗಳಲ್ಲಿ ಅವಳು ಕೊಟ್ಟಿಗೆಯ ಮೂಲೆಯಲ್ಲಿ ಕೂರಬೇಕು. ಅವಳು ಉಣ್ಣೆ ಮುಟ್ಟುವಂತಿಲ್ಲ, ಅವಳನ್ನು ಯಾರೂ ಮುಟ್ಟುವುದಿಲ್ಲ.

"ಮಗಳು ದೂರ ನಿಂತು 'ಯವ್ವಾ' ಅಂತೈತ್ರಿ. 'ಬಾ' ಅನ್ನಾಕ ಬರೂದಿಲ್ಲ," ಎಂದು ಹೊಳೆವ್ವ ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾಳೆ.

ಗಂಡ ಅಮಸಿದ್ದಪ್ಪ ಎರಡು ಸಲ ಜಮಖಂಡಿಯ ಡಾಕ್ಟರರ ಬಳಿ ಕರೆದೊಯ್ದ. ಎರಡೂ ಸಲ ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಮೇಲೆಯೇ. ಅಷ್ಟರಲ್ಲಿ ಗಂಟು ಇಳಿದಿರುತ್ತಿತ್ತು. ಡಾಕ್ಟರರ ಕೈಗೆ ಏನೂ ಸಿಗಲಿಲ್ಲ. ಅಲ್ಲಿಂದ ಮನೆಯಲ್ಲಿ ಅವಳ ನೋವು ನೆಪವಾಯಿತು. ಎರಡನೆಯ ಸಲ ಹೊರಡುವಾಗ ಡಾಕ್ಟರರು, ನೋವು ಯಾವಾಗ ಎಂದು ಕೇಳಿದರು. ಅವಳು ನೆಲ ನೋಡುತ್ತ, ಹೊರಗೆ ಕೂತ ದಿನ ಎಂದಳು.

"ಹಂಗಾದ್ರ ಆ ದಿನಾನೇ ಬಾ ತಂಗಿ. ಇಲ್ಲಿ ಮೈಲಿಗಿ ಇಲ್ಲ."

ಹೋದ ತಿಂಗಳು ಅವಳು ಕೊಟ್ಟಿಗೆಯಿಂದಲೇ ಎದ್ದು ಬಸ್ಸು ಹತ್ತಿದಳು. ಅಮಸಿದ್ದಪ್ಪ ಮುಂದಿನ ಸೀಟಿನಲ್ಲಿ, ಅವಳು ಕಟ್ಟಕಡೆಯಲ್ಲಿ. "'ಗಂಡ ಹೆಂಡ್ತಿ ಜಗಳಾಡೀರೇನ?' ಅಂತ ಕಂಡಕ್ಟರ್ ಕೇಳಿದ್ನರಿ," ಎಂದು ಹೊಳೆವ್ವ ನಗುತ್ತಾಳೆ. ನಗುವಾಗಲೂ ಕೈ ಹೊಟ್ಟೆಯ ಮೇಲೆಯೇ ಇದೆ.

ಈ ಸಲ ಡಾಕ್ಟರರ ಬೆರಳು ಗಾಯದ ಅಂಚಿನಲ್ಲಿ ನಿಂತಿತು. ಹೊಟ್ಟೆ ಕೊಯ್ದಾಗ ಗರ್ಭಕೋಶದ ಒಳಪದರದ ಚೂರು ಗಾಯದಲ್ಲಿ ಉಳಿದು ಬೆಳೆದಿರಬಹುದು. ಅದೂ ತಿಂಗಳಿಗೊಮ್ಮೆ ರಕ್ತ ಬಿಡುತ್ತದೆ, ಹರಿದುಹೋಗಲು ದಾರಿಯಿಲ್ಲ ಎಂದು ಅವರು ವಿವರಿಸಿದರು. ತೆಗೆದು ನೋಡುವವರೆಗೆ ಖಚಿತವಾಗಿ ಹೇಳಲಾರೆ ಎಂದೂ ಸೇರಿಸಿದರು.

"'ಐತಿ' ಅಂದ್ರು ಅವ್ರು. ನನಗ ಅಳು ಬಂತು. ನೋವಿಗಲ್ಲರಿ."

ಈ ಹಾಸು ನೇಯ್ದು ಮುಗಿದ ಮೇಲೆ ಗಂಟು ತೆಗೆಸಲು ಮತ್ತೆ ಮಿರಜಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಸತ್ಯವ್ವ ಮಾತ್ರ ಇನ್ನೂ ನಂಬಿಲ್ಲ. ಹೊಳೆವ್ವ ಕುಂಚವನ್ನು ಗಂಜಿಯಲ್ಲಿ ಅದ್ದಿ, ದನಿ ತಗ್ಗಿಸುತ್ತಾಳೆ.

"ತೆಗಿಯೂದ್ರೊಳಗ ನಮ್ಮತ್ತಿ ಒಮ್ಮೆ ಕೈಯಿಟ್ಟು ನೋಡಲಿ ಅಂತ ಆಸೆ ಐತ್ರಿ. ಆದ್ರ ಅದು ಕೈಗಿ ಸಿಗೂ ದಿನ, ಆಕಿ ನನ್ನ ಮುಟ್ಟಂಗಿಲ್ಲ."